ಚೆಸ್ ಟೂರ್ನಮೆಂಟ್ ಗೇಮ್‌ಗೆ ಒಂದು ಓಪನಿಂಗ್ ರೆಡಿ ಮಾಡೋದು, ಆಡೋದು, ಆಮೇಲೆ ರಿಪೇರಿ ಮಾಡೋದು: ಎರಡು ಕುದುರೆ ಡಿಫೆನ್ಸ್ ಇಟ್ಕೊಂಡು ಸಮಗ್ರ ಮಾರ್ಗದರ್ಶಿ

ನಾನು ಬ್ಲ್ಯಾಕ್, ಐದನೇ ಮೂವ್‌ನಲ್ಲಿ ಆಡ್ಬೇಕಾಗಿದ್ದಿದ್ದು ಸಿ6ನಲ್ಲಿದ್ದ ಕುದುರೆ, ಕೈ ಹೋಗಿದ್ದು ಎಫ್6ನಲ್ಲಿದ್ದ ಕುದುರೆಗೆ. ಮುಟ್ಟಿದ ತಕ್ಷಣ ಗೊತ್ತಾಯ್ತು ಎಡವಟ್ಟಾಯ್ತು ಅಂತ, ಆದ್ರೆ ಟೂರ್ನಮೆಂಟ್‌ನಲ್ಲಿ ಮುಟ್ಟಿದ ಕಾಯಿ ಆಡ್ಲೇಬೇಕು, ಎದುರಿಗೆ ಕೂತಿದ್ದ ಹುಡುಗ ನನ್ನ ಕೈಯನ್ನೇ ನೋಡ್ತಿದ್ದ, ಸರಿ ಅಂತ ಆ ಕುದುರೆಯಲ್ಲೇ ಡಿ5 ಪಾನ್ ಹೊಡೆದೆ. ಅವನು ಅರ್ಧ ನಿಮಿಷ ಕೂಡ ಯೋಚನೆ ಮಾಡ್ಲಿಲ್ಲ, ಕುದುರೆ ತಂದು ಎಫ್7ಗೆ ಇಟ್ಟ. ಹದಿನೇಳನೇ ಮೂವ್‌ಗೆ ನಾನು ಸೋಲು ಒಪ್ಕೊಂಡು ಕೈ ಕೊಟ್ಟು ಎದ್ದೆ. ಆ ಒಂದು ಗೇಮ್‌ನಿಂದ ನಾನು ಕಲ್ತಿದ್ದನ್ನ ಹಂತ ಹಂತವಾಗಿ ಬರೀತೀನಿ, ಮೊದಲ ಟೂರ್ನಮೆಂಟ್‌ಗೆ ಹೋಗೋರಿಗೂ ಉಪಯೋಗ ಆಗುತ್ತೆ, ನಾಲ್ಕೈದು ಆಡಿ ಓಪನಿಂಗ್‌ನಲ್ಲೇ, ಅಂದ್ರೆ ಆಟದ ಮೊದಲ ಮೂವ್‌ಗಳಲ್ಲೇ, ಒದ್ದಾಡ್ತಿರೋರಿಗೆ ಇನ್ನೂ ಜಾಸ್ತಿ ಆಗುತ್ತೆ.

ಬರೆಯೋ ರೀತಿ ಮೊದಲು ಹೇಳಿಬಿಡ್ತೀನಿ. ಕಾಯಿಗಳನ್ನ ಕುದುರೆ, ಒಂಟೆ, ಆನೆ, ಮಂತ್ರಿ, ರಾಜ ಅಂತಾನೇ ಕರೀತೀನಿ, ಸೈನಿಕನಿಗೆ ಮಾತ್ರ ಪಾನ್. ಬರೀ ಮನೆ ಹೆಸರು ಇದ್ರೆ ಪಾನ್ ಆ ಮನೆಗೆ ಹೋಯ್ತು ಅಂತ ಅರ್ಥ. ಮನೆ ಹೆಸರಲ್ಲಿ ಅಕ್ಷರ ವೈಟ್ ಎಡಗಡೆಯಿಂದ ಎ ಇಂದ ಎಚ್ ತನಕ, ನಂಬರ್ ವೈಟ್ ಕಡೆಯಿಂದ 1ರಿಂದ 8ರ ತನಕ. ಮೂವ್ ನಂಬರ್ ಆದ್ಮೇಲೆ ಮೂರು ಚುಕ್ಕಿ ಇದ್ರೆ ಅದು ಬ್ಲ್ಯಾಕ್ ಮೂವ್. ಬೋರ್ಡ್ ಪಕ್ಕದಲ್ಲಿ ಇಟ್ಕೊಂಡು ಓದಿ, ಇಲ್ಲಾಂದ್ರೆ ಅರ್ಧ ತಲೆಗೆ ಹೋಗಲ್ಲ.

ಹಂತ 1: ಒಂದೇ ಓಪನಿಂಗ್ ಹಿಡ್ಕೊಳ್ಳಿ

ಮಾಡೋ ಮೊದಲ ತಪ್ಪು ಅಂದ್ರೆ ತಿಂಗಳಿಗೊಂದು ಓಪನಿಂಗ್ ಬದಲಾಯಿಸೋದು. ಸಿಸಿಲಿಯನ್ ನಾಲ್ಕು ವಾರ, ಸೋತ್ರೆ ಫ್ರೆಂಚ್, ಅದ್ರಲ್ಲೂ ಸೋತ್ರೆ ಇನ್ನೊಂದು. ಯಾವುದೂ ಕೈಗೆ ಹತ್ತಲ್ಲ. ವೈಟ್ ಇ4 ಆಡಿದ್ರೆ ಬ್ಲ್ಯಾಕ್ ಇ5 ಆಡಿ, ಅಷ್ಟೇ, ಒಂದು ವರ್ಷ ಅದನ್ನೇ ಆಡಿ. ಯಾಕೆ ಇದೇ ಅಂದ್ರೆ, ಇಲ್ಲಿ ಸೆಂಟರ್, ಕಾಯಿ ಹೊರಗೆ ತರೋದು, ಕ್ಯಾಸ್ಲಿಂಗ್, ಎಫ್7 ಅನ್ನೋ ಬಡಪಾಯಿ ಮನೆ, ಎಲ್ಲ ಮೊದಲ ಹತ್ತು ಮೂವ್‌ನಲ್ಲೇ ಬಂದುಹೋಗುತ್ತೆ.

ನಾನು ಇಲ್ಲಿ ತಗೊಂಡಿರೋದು ಇಟಾಲಿಯನ್ ಗೇಮ್. 1. ಇ4 ಇ5, 2. ಕುದುರೆ ಎಫ್3 ಕುದುರೆ ಸಿ6, 3. ಒಂಟೆ ಸಿ4. ತುಂಬಾ ಹಳೇ ಓಪನಿಂಗ್, ಹದಿನಾರು ಹದಿನೇಳನೇ ಶತಮಾನದ ಇಟಲಿ ಆಟಗಾರರ ಕಾಲದ್ದು, ಆದ್ರೆ ಈಗ ಟಾಪ್ ಲೆವೆಲ್‌ನಲ್ಲೂ ದಿನಾ ಕಾಣ್ಸುತ್ತೆ. 2000ದಲ್ಲಿ ಲಂಡನ್‌ನಲ್ಲಿ ರಷ್ಯಾದ ಕ್ರಾಮ್ನಿಕ್, ಸ್ಪ್ಯಾನಿಷ್ ಓಪನಿಂಗ್‌ಗೆ (3. ಒಂಟೆ ಬಿ5) ಉತ್ತರವಾಗಿ ಬರ್ಲಿನ್ ಡಿಫೆನ್ಸ್ ಹಿಡ್ಕೊಂಡು, ಆಗಿನ ವರ್ಲ್ಡ್ ಚಾಂಪಿಯನ್ ಕಾಸ್ಪರೋವ್‌ನ ಇಡೀ ಮ್ಯಾಚಲ್ಲಿ ಒಂದು ಗೇಮೂ ಗೆಲ್ಲೋಕೆ ಬಿಡ್ಲಿಲ್ಲ, ಅದಾದ ಮೇಲೆ ಸ್ಪ್ಯಾನಿಷ್ ಆಡೋರಿಗೆ ಆ ಬರ್ಲಿನ್ ಗೋಡೆ ಒಡೆಯೋದೇ ತಲೆನೋವಾಯ್ತು, ನಿಧಾನಕ್ಕೆ ಒಂಟೆಯನ್ನ ಬಿ5 ಬದಲು ಸಿ4ಗೆ ತರೋರು ಜಾಸ್ತಿ ಆದ್ರು.

ಈಗ ಬ್ಲ್ಯಾಕ್‌ಗೆ ಎರಡು ದಾರಿ. 3... ಒಂಟೆ ಸಿ5 ಅಂದ್ರೆ ಶಾಂತ ದಾರಿ. 3... ಕುದುರೆ ಎಫ್6 ಅಂದ್ರೆ ಎರಡು ಕುದುರೆ ಡಿಫೆನ್ಸ್, ಜಗಳದ ದಾರಿ. ಇಲ್ಲೊಂದು ಸಣ್ಣ ವಿಷಯ ನೋಡಿ, ಒಂಟೆ ಸಿ5 ಆಡಿದ್ರೆ ವೈಟ್ ಕುದುರೆ ಜಿ5ಗೆ ಹಾರೋಕೇ ಆಗಲ್ಲ, ಹಾರಿದ್ರೆ ನಮ್ಮ ಮಂತ್ರಿ ಡಿ8ನಿಂದ ನೇರವಾಗಿ ಬಂದು ಅದನ್ನ ಫ್ರೀಯಾಗಿ ಹೊಡೆಯುತ್ತೆ. ಕುದುರೆ ಎಫ್6 ಆಡಿದ್ರೆ ಆ ಕುದುರೆಯೇ ಮಂತ್ರಿಗೆ ಅಡ್ಡ ನಿಂತಿರುತ್ತೆ, ಅದಕ್ಕೇ ವೈಟ್ ಜಿ5ಗೆ ಬರೋಕೆ ಧೈರ್ಯ ಮಾಡೋದು. ಈ ಕಾರಣ ನನಗೆ ಆಡೋಕೆ ಶುರು ಮಾಡಿ ಎರಡು ವರ್ಷ ಆದ್ಮೇಲೆ ಹೊಳೀತು, ನಾಚಿಕೆಗೇಡು. ಮೂವ್ ಮಾತ್ರ ಗಿಣಿಪಾಠ ಮಾಡಿದ್ದೆ, ಯಾಕೆ ಅಂತ ಕೇಳಿರ್ಲಿಲ್ಲ.

ಜಗಳ ಬೇಡ ಅನ್ನೋರು ಒಂಟೆ ಸಿ5 ಆಡಿ, ತಪ್ಪೇನಿಲ್ಲ. ನನಗೆ ಕುದುರೆ ಎಫ್6 ಇಷ್ಟ, ಯಾಕಂದ್ರೆ ಚೆಸ್‌ನಲ್ಲಿ ಟೈಮ್ ಅಂದ್ರೆ (ಗಡಿಯಾರದ್ದಲ್ಲ, ಮೂವ್‌ಗಳ ಲೆಕ್ಕ) ಏನು ಅಂತ ಇದಕ್ಕಿಂತ ಚೆನ್ನಾಗಿ ಕಲಿಸೋದು ಇನ್ನೊಂದಿಲ್ಲ.

ಹಂತ 2: ಮೂವ್ ಅಲ್ಲ, ಪ್ರತಿ ಮೂವ್‌ನ ಕೆಲಸ ಬರ್ಕೊಳ್ಳಿ

ಒಂದು ನೋಟ್‌ಬುಕ್ ತಗೊಳ್ಳಿ. ಎಡಗಡೆ ಮೂವ್, ಬಲಗಡೆ ಒಂದೇ ಸಾಲಿನಲ್ಲಿ ಅದು ಯಾಕೆ. ಬಲಗಡೆ ಏನೂ ಬರೆಯೋಕೆ ತೋಚ್ಲಿಲ್ಲ ಅಂದ್ರೆ ಆ ಮೂವ್ ನಿಮಗೆ ಗೊತ್ತಿಲ್ಲ ಅಂತ ಅರ್ಥ, ಬಾಯಿಪಾಠ ಇದ್ರೂ ಅಷ್ಟೇ. ಮಾಡಿ ತೋರಿಸ್ತೀನಿ.

4. ಕುದುರೆ ಜಿ5. ಎಫ್7 ಮೇಲೆ ಒಂಟೆ, ಕುದುರೆ ಎರಡೂ ಕಣ್ಣಿಟ್ಟಿವೆ, ಕಾಯ್ತಿರೋದು ರಾಜ ಒಬ್ಬನೇ. ಟಾರಾಶ್ ಅನ್ನೋ ಜರ್ಮನ್ ದೊಡ್ಡ ಆಟಗಾರ ಇದನ್ನ ಹೊಸಬರ ಮೂವ್ ಅಂತ ಬೈದಿದ್ದು ಪ್ರಸಿದ್ಧ, ಒಂದೇ ಕಾಯಿ ಎರಡು ಸಲ ಆಡಿದ್ದಕ್ಕೆ. ಬೈದ್ರು ಸರಿ, ಆದ್ರೆ ಇವತ್ತಿಗೂ ಜನ ಆಡ್ತಾರೆ, ಗೆಲ್ತಾರೆ.

4... ಡಿ5. ಒಂಟೆ ದಾರಿಗೆ ಅಡ್ಡ. ಎಫ್7 ಉಳಿಸೋಕೆ ಸರಿಯಾದ ದಾರಿ ಇದೇ. 4... ಒಂಟೆ ಸಿ5 ಆಡಿ ಎಫ್7 ಹೋದ್ರೆ ಹೋಗ್ಲಿ ಅನ್ನೋ ಟ್ರಾಕ್ಸ್‌ಲರ್ ಅಂತ ಒಂದು ಹುಚ್ಚಾಟ ಇದೆ, ಮಜಾ ಇದೆ, ಆದ್ರೆ ರೇಟೆಡ್ ಗೇಮ್‌ನಲ್ಲಿ ಅದನ್ನ ಶುರುವಲ್ಲೇ ಹಿಡ್ಕೊಬೇಡಿ.

5. ಇ ಪಾನ್ ಡಿ5 ಹೊಡೀತು. ಈಗ ಅದು ಸಿ6 ಕುದುರೆಗೆ ಗುರಿ ಇಟ್ಟಿದೆ. ಎಲ್ಲರಿಗೂ ಮನಸ್ಸು ಬರೋದು ಎಫ್6 ಕುದುರೆಯಿಂದ ವಾಪಸ್ ಹೊಡೆಯೋಣ ಅಂತ, ಎಷ್ಟು ಸಹಜವಾಗಿ ಕಾಣ್ಸುತ್ತೆ ನೋಡಿ. ಅಲ್ಲೇ ಗುಂಡಿ ಇರೋದು.

5... ಕುದುರೆ ಡಿ5, 6. ಕುದುರೆ ಎಫ್7, ರಾಜ ಹೊಡೀತು, 7. ಮಂತ್ರಿ ಎಫ್3 ಚೆಕ್. ಇದನ್ನ ಫ್ರೈಡ್ ಲಿವರ್ ಅಟ್ಯಾಕ್ ಅಂತಾರೆ. ಈಗ ಡಿ5 ಕುದುರೆ ಅಲ್ಲಾಡೋ ಹಾಗಿಲ್ಲ, ಹಿಂದೆ ರಾಜ ಇದಾನೆ, ಮುಂದೆ ಸಿ4 ಒಂಟೆ. ರಾಜ ಹೆದರ್ಕೊಂಡು ಜಿ8ಗೆ ಓಡಿದ್ರೆ ಒಂಟೆ ಡಿ5 ಹೊಡೆದು ಚೆಕ್, ಮಂತ್ರಿ ವಾಪಸ್ ಹೊಡೆದ್ರೆ ವೈಟ್ ಮಂತ್ರಿ ಡಿ5 ಹೊಡೆದು ಮತ್ತೆ ಚೆಕ್, ಮಧ್ಯೆ ಒಂಟೆ ಇ6 ಹಾಕಿದ್ರೆ ಅದನ್ನೂ ಹೊಡೆದು ಮೇಟ್. ಹಾಗಾಗಿ ಕುದುರೆ ಉಳಿಸ್ಕೊಬೇಕಂದ್ರೆ ರಾಜ ಇ6ಗೆ ಬರ್ಬೇಕು, ಬೋರ್ಡ್ ನಡುವೆ, ಬಯಲಲ್ಲಿ. 8. ಕುದುರೆ ಸಿ3. ಡಿ5 ಮೇಲೆ ಒಂಟೆ, ಮಂತ್ರಿ, ಕುದುರೆ ಮೂರೂ ಬಿದ್ದಿವೆ. 8... ಕುದುರೆ ಬಿ4 ಆಡಿ ಡಿ5 ಕಾಯ್ತಾ ಸಿ2 ಮೇಲೂ ಕಣ್ಣು ಹಾಕೋದು ಸ್ವಲ್ಪ ವಾಸಿ, ನಾನು ಅವತ್ತು ಹೆದರಿ ಕುದುರೆ ಇ7 ಆಡಿದೆ, ಅವನು ಡಿ4 ತಳ್ಳಿ ಸೆಂಟರ್ ಒಡೆದ, ಮುಗೀತು. ಕಂಪ್ಯೂಟರ್ ಕೇಳಿದ್ರೆ ಬ್ಲ್ಯಾಕ್ ಇನ್ನೂ ಬದುಕಬಹುದೇನೋ ಅಂತ ಏನೇನೋ ತೋರ್ಸುತ್ತೆ, ಗಡಿಯಾರ ಟಿಕ್ ಟಿಕ್ ಅಂತಿರುವಾಗ ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ ಅದು.

ಸರಿಯಾದ ಮೂವ್ 5... ಕುದುರೆ ಎ5. ಸಿ6ನಲ್ಲಿ ಏಟು ತಿನ್ನೋ ಕುದುರೆ ತಪ್ಪಿಸ್ಕೊಳ್ತು, ಹಾಗೇ ಸಿ4 ಒಂಟೆಗೆ ಗುರಿ ಇಟ್ಟಿತು. ಅಂಚಿಗೆ ಹೋದ ಕುದುರೆ ಕೆಟ್ಟದ್ದು ಅಂತ ಎಲ್ಲರೂ ಹೇಳ್ಕೊಟ್ಟಿರ್ತಾರೆ, ಅದಕ್ಕೇ ಈ ಮೂವ್ ಆಡೋಕೆ ಕೈ ಬರಲ್ಲ.

ಇಲ್ಲಿಂದ ಮುಖ್ಯ ದಾರಿ: 6. ಒಂಟೆ ಬಿ5 ಚೆಕ್ ಸಿ6, 7. ಪಾನ್ ಸಿ6 ಹೊಡೀತು, ಬಿ ಪಾನ್ ವಾಪಸ್ ಹೊಡೀತು, 8. ಒಂಟೆ ಇ2 ಎಚ್6, 9. ಕುದುರೆ ಎಫ್3 ಇ4, 10. ಕುದುರೆ ಇ5 ಒಂಟೆ ಡಿ6, 11. ಡಿ4 ಇ ಪಾನ್ ಡಿ3 ಹೊಡೀತು, 12. ಕುದುರೆ ಡಿ3 ಹೊಡೀತು, ಮಂತ್ರಿ ಸಿ7. ಹನ್ನೊಂದನೇದು ಆನ್ ಪಾಸಾಂಟ್, ಪಕ್ಕದಿಂದ ಹಾದು ಹೋಗ್ತಿರೋ ಪಾನ್‌ನ ಹೊಡೆಯೋದು, ಮರೀಬೇಡಿ.

ಇಲ್ಲಿ ನಿಲ್ಲಿಸಿ ಬೋರ್ಡ್ ನೋಡಿ. ವೈಟ್ ಒಂದು ಪಾನ್ ಜಾಸ್ತಿ. ಆದ್ರೆ ವೈಟ್ ಆಡಿದ 12 ಮೂವ್ ಎಣಿಸಿ: ಒಂದೇ ಕುದುರೆ ಐದು ಸಲ, ಒಂದೇ ಒಂಟೆ ಮೂರು ಸಲ, ಉಳಿದ ನಾಲ್ಕು ಪಾನ್ ಮೂವ್. ಇನ್ನೊಂದು ಕುದುರೆ, ಇನ್ನೊಂದು ಒಂಟೆ, ಎರಡು ಆನೆ, ಮಂತ್ರಿ, ಒಂದೂ ಮನೆಯಿಂದ ಎದ್ದಿಲ್ಲ. ಬ್ಲ್ಯಾಕ್‌ಗೆ ಎರಡು ಕುದುರೆ ಹೊರಗಿವೆ, ಡಿ6 ಒಂಟೆ, ಸಿ7 ಮಂತ್ರಿ ಒಂದೇ ಗೆರೆಯಲ್ಲಿ ಎಚ್2 ಕಡೆ ನೋಡ್ತಿವೆ. ವೈಟ್ ಸುಮ್ನೆ ಕ್ಯಾಸಲ್ ಮಾಡಿಬಿಟ್ರೆ ಒಂಟೆ ಎಚ್2 ಹೊಡೆದು ಚೆಕ್, ಹಿಂದೆ ಮಂತ್ರಿ ಇರೋದ್ರಿಂದ ರಾಜ ಹೊಡೆಯೋ ಹಾಗಿಲ್ಲ, ಕೊಟ್ಟ ಪಾನ್ ವಾಪಸ್ ಬಂತು. ಒಂದು ಪಾನ್ ಕೊಟ್ಟು ಟೈಮ್ ಕೊಂಡ್ಕೊಂಡಿದೀವಿ ಅಂದ್ರೆ ಇದೇ. ಎ5 ಕುದುರೆ ಮುಂದೆ ಬಿ7 ಮೂಲಕ ವಾಪಸ್ ಬರುತ್ತೆ, ಅದನ್ನೂ ಬರ್ಕೊಳ್ಳಿ, ಯಾಕಂದ್ರೆ ಅದನ್ನ ಅಲ್ಲೇ ಮರೆತು ಸೋತವರು ತುಂಬಾ ಜನ.

ಕವಲುಗಳನ್ನ ಚಿಕ್ಕದಾಗಿ ಇಡಿ. ವೈಟ್ 6. ಡಿ3 ಆಡಿದ್ರೆ ಎಚ್6, 7. ಕುದುರೆ ಎಫ್3 ಇ4, 8. ಮಂತ್ರಿ ಇ2 ಕುದುರೆ ಸಿ4 ಹೊಡೀತು, 9. ಪಾನ್ ಹೊಡೀತು ಒಂಟೆ ಸಿ5. ಇಲ್ಲೂ ಅದೇ ವ್ಯಾಪಾರ, ಪಾನ್ ಹೋಯ್ತು, ಎರಡು ಒಂಟೆ ನಮ್ಮ ಹತ್ರ ಉಳೀತು. ಮೇಲಿನ ಮುಖ್ಯ ದಾರಿಯಲ್ಲಿ 9. ಕುದುರೆ ಎಫ್3 ಬದಲು 9. ಕುದುರೆ ಎಚ್3 ಅಂತ ವಿಚಿತ್ರವಾಗಿ ಹಿಂದೆ ಹೋಗೋರೂ ಇದಾರೆ, ಮೊದಲ ವರ್ಲ್ಡ್ ಚಾಂಪಿಯನ್ ಸ್ಟೈನಿಟ್ಜ್ ಆಡ್ತಿದ್ದಿದ್ದು, 1963ರಲ್ಲಿ ಅಮೆರಿಕದ ಫಿಶರ್ ಅಲ್ಲಿಯವರೇ ಆದ ಬಿಸ್ಗೈಯರ್ ಮೇಲೆ ಅದನ್ನೇ ಆಡಿ ಗೆದ್ರು. ಸ್ಪ್ಯಾನಿಷ್, ಸ್ಕಾಚ್ ಥರದ ಓಪನಿಂಗ್ ಎಲ್ಲಕ್ಕೂ ಬೇರೆ ಪುಟ ಬೇಕು, ಸದ್ಯಕ್ಕೆ ಒಂದೊಂದು ಸರಳ ಉತ್ತರ ಇಟ್ಕೊಂಡ್ರೆ ಸಾಕು.

ಹಂತ 3: ಕೂತ್ಕೊಳ್ಳೋ ಮುಂಚೆ

ಕಾಲು ಗಂಟೆ ಮುಂಚೆ ಹೋಗಿ, ಯಾರಿಗೆ ಯಾರು ಎದುರಾಳಿ ಅಂತ ಹಾಕಿರೋ ಪೇರಿಂಗ್ ಶೀಟ್‌ನಲ್ಲಿ ನಿಮ್ಮ ಬೋರ್ಡ್ ನಂಬರ್, ಕಲರ್ ಎರಡು ಸಲ ನೋಡಿ. ಫೋನ್ ಆಫ್ ಮಾಡಿದ್ರೆ ಸಾಕು ಅನ್ಕೋಬೇಡಿ, ಹಾಲ್ ಒಳಗೆ ಜೇಬಲ್ಲಿ ಸಿಕ್ರೂ ಗೇಮ್ ಹೋಗುತ್ತೆ, ಆರ್ಬಿಟರ್ (ತೀರ್ಪುಗಾರರು) ಹೇಳಿದ ಜಾಗದಲ್ಲೇ ಇಡಿ. ಸ್ಮಾರ್ಟ್ ವಾಚೂ ಅಷ್ಟೇ.

ಮುಟ್ಟಿದ ಕಾಯಿ ರೂಲ್ ಸರಿಯಾಗಿ ತಿಳ್ಕೊಳ್ಳಿ. ನಿಮ್ಮ ಕಾಯಿ ಬೇಕಂತ ಮುಟ್ಟಿದ್ರೆ ಅದನ್ನೇ ಆಡ್ಬೇಕು, ಎದುರಿನವರ ಕಾಯಿ ಮುಟ್ಟಿದ್ರೆ ಹೊಡೆಯೋಕೆ ಆದ್ರೆ ಹೊಡೀಬೇಕು. ವಾರೆ ನಿಂತಿರೋ ಕಾಯಿ ಸರಿ ಮಾಡ್ಬೇಕಾ, ನಿಮ್ಮ ಸರದಿ ಇದ್ದಾಗ ಮೊದಲು ಬಾಯಲ್ಲಿ ಹೇಳಿ ಆಮೇಲೆ ಮುಟ್ಟಿ, ಮುಟ್ಟಿದ ಮೇಲೆ ಹೇಳಿದ್ರೆ ನಡೆಯಲ್ಲ. ಕ್ಯಾಸ್ಲಿಂಗ್‌ಗೆ ರಾಜನನ್ನ ಮೊದಲು ಹಿಡೀಬೇಕು, ಒಂದೇ ಕೈಯಲ್ಲಿ. ಆನೆ ಮೊದಲು ಮುಟ್ಟಿಬಿಟ್ರೆ ಆನೆಯನ್ನೇ ಆಡಬೇಕಾಗುತ್ತೆ. ಗಡಿಯಾರ ಒತ್ತೋದೂ ಕಾಯಿ ಆಡಿದ ಕೈಯಲ್ಲೇ.

ಹಂತ 4: ಸ್ಕೋರ್‌ಶೀಟ್‌ನ ಸರಿಯಾಗಿ ಬಳಸಿ

ಇದನ್ನ ಎಲ್ಲರೂ ಕಾಟಾಚಾರಕ್ಕೆ ಮಾಡ್ತಾರೆ, ನನ್ನ ಪ್ರಕಾರ ಇಡೀ ಟೂರ್ನಮೆಂಟ್‌ನಲ್ಲಿ ಮನೆಗೆ ತಗೊಂಡು ಹೋಗೋ ಬೆಲೆ ಬಾಳೋ ವಸ್ತು ಅಂದ್ರೆ ಅದೊಂದೇ. ಆಡಿ, ಆಮೇಲೆ ಬರೀರಿ, ಮುಂಚೆನೇ ಬರೆದಿಟ್ಕೊಂಡು ಯೋಚನೆ ಮಾಡೋ ಹಾಗಿಲ್ಲ. ಪ್ರತಿ ಮೂವ್‌ಗೆ 30 ಸೆಕೆಂಡ್ ಸೇರೋ ಟೈಮ್ ಕಂಟ್ರೋಲ್ (ಆ ಸೇರೋ ಸೆಕೆಂಡೇ ಇನ್‌ಕ್ರಿಮೆಂಟ್) ಇದ್ರೆ ಕೊನೇ ತನಕ ಬರೀಲೇಬೇಕು, ಟೈಮ್ ಇಲ್ಲ ಅನ್ನೋ ನೆಪ ಇಲ್ಲ. ಅದೇ ಸ್ಥಿತಿ ಮೂರನೇ ಸಲ ಬರುತ್ತೆ ಅಂತ ಡ್ರಾ ಕೇಳ್ಬೇಕಾದ್ರೆ ಹಾಗಲ್ಲ, ಮೂವ್ ಬೋರ್ಡ್ ಮೇಲೆ ಆಡದೆ ಶೀಟ್ ಮೇಲೆ ಬರೆದು, ಗಡಿಯಾರ ನಿಲ್ಲಿಸಿ ಆರ್ಬಿಟರ್‌ನ ಕರೀಬೇಕು.

ಮೂವ್ ಪಕ್ಕದಲ್ಲಿ ಗಡಿಯಾರದಲ್ಲಿ ಉಳಿದ ಟೈಮ್ ಬರೆಯೋಕೆ ರೂಲ್‌ನಲ್ಲಿ ಅವಕಾಶ ಇದೆ, ಬರೀರಿ. ನನ್ನ ಸೋತ ಗೇಮ್ ಶೀಟ್ ಈಗಲೂ ಇದೆ. 90 ನಿಮಿಷದ ಗೇಮ್. ನಾಲ್ಕನೇ ಮೂವ್ ಪಕ್ಕ 91 ಅಂತ ಇದೆ, ಅಂದ್ರೆ ಬರೀ ಇನ್‌ಕ್ರಿಮೆಂಟ್‌ನಲ್ಲೇ ಆಡಿ ಟೈಮ್ ಉಳಿಸಿದೀನಿ, ಎಂಟನೇ ಮೂವ್ ಪಕ್ಕ 52. ಎಲ್ಲಿ ಓದಿದ್ದು ಮುಗೀತು, ಎಲ್ಲಿ ಭಯ ಶುರುವಾಯ್ತು ಅಂತ ಆ ಎರಡು ನಂಬರೇ ಹೇಳುತ್ತೆ. ಐದನೇ ಮೂವ್ ಬರೆದಿರೋ ಅಕ್ಷರ ಕೂಡ ನಡುಗಿದೆ.

ಹಂತ 5: ಗೊತ್ತಿರೋ ಮೂವ್‌ಗೂ ಕೈ ಕೆಳಗೆ ಇಟ್ಕೊಳ್ಳಿ

ನಾನು ಎಡವಿದ್ದು ಗೊತ್ತಿಲ್ಲದೆ ಅಲ್ಲ, ಗೊತ್ತಿದೆ ಅನ್ನೋ ಜೋರಲ್ಲಿ. ಓಪನಿಂಗ್ ಮೂವ್‌ನ ಪಟಪಟ ಆಡಿ ಎದುರಾಳಿಯನ್ನ ಹೆದರಿಸ್ಬೇಕು ಅನ್ನೋ ಆಸೆ ಇರುತ್ತಲ್ಲ, ಬಿಟ್ಬಿಡಿ. ಕೈ ಎರಡೂ ತೊಡೆ ಕೆಳಗೆ ಹಾಕ್ಕೊಂಡು ಕೂರಿ, ನಗು ಬಂದ್ರೂ ಪರವಾಗಿಲ್ಲ. ಎದುರಿನವರು ಆಡಿದ ಮೇಲೆ ಅವರು ಆಡಿದ್ದು ನೀವು ಅಂದ್ಕೊಂಡಿದ್ದೇನಾ ಅಂತ ನೋಡಿ, ನೋಟ್‌ಬುಕ್‌ನ ಬಲಗಡೆ ಸಾಲು ಮನಸ್ಸಲ್ಲಿ ಹೇಳ್ಕೊಳ್ಳಿ, ಯಾವ ಕಾಯಿ ಅಂತ ಕಣ್ಣಲ್ಲಿ ಹಿಡೀರಿ, ಆಮೇಲೆ ಕೈ. ಹತ್ತು ಸೆಕೆಂಡ್ ಕೆಲಸ, ಇನ್‌ಕ್ರಿಮೆಂಟೇ ಅದಕ್ಕಿಂತ ಜಾಸ್ತಿ ಇದೆ.

ಓದಿದ್ದು ಮುಗಿದ ಜಾಗ ಬಂದೇ ಬರುತ್ತೆ, ಕೆಲವು ಸಲ ಮೂರನೇ ಮೂವ್‌ಗೇ. ಆಗ ಗಾಬರಿ ಬೇಡ, ಆದ್ರೆ ಅವರು ತಪ್ಪು ಆಡಿದಾರೆ ಶಿಕ್ಷೆ ಕೊಡ್ತೀನಿ ಅಂತ ಎಗರೋದೂ ಬೇಡ. ಪುಸ್ತಕದಲ್ಲಿ ಇಲ್ಲದ ಮೂವ್ ಎಲ್ಲ ಕೆಟ್ಟ ಮೂವ್ ಅಲ್ಲ. ಅವರ ಆ ಕಾಯಿ ಈಗ ಏನು ಕಾಯ್ತಿದೆ, ಏನು ಬಿಟ್ಟು ಬಂತು ಅಂತ ನೋಡಿ. ಕಾವಲಿಲ್ಲದೆ ನಿಂತಿರೋ ಕಾಯಿ ಎರಡೂ ಕಡೆ ಯಾವುದಿದೆ ಹುಡುಕಿ. ಏನೂ ಕಾಣ್ಲಿಲ್ಲ ಅಂದ್ರೆ ಇನ್ನೂ ಮನೆಯಲ್ಲೇ ಇರೋ ಕಾಯಿ ಒಂದನ್ನ ಹೊರಗೆ ತನ್ನಿ. ಇದಕ್ಕೆ ಹತ್ತು ಹನ್ನೆರಡು ನಿಮಿಷ ಖರ್ಚು ಮಾಡಿದ್ರೆ ನಷ್ಟ ಇಲ್ಲ. ಮೂವತ್ತೈದು ನಿಮಿಷ ಹಾಕಿದ್ರೆ ಮಾತ್ರ ಮುಂದೆ ಅಳ್ಬೇಕಾಗುತ್ತೆ.

ಹಂತ 6: ಗೇಮ್ ಮುಗಿದ ಮೇಲೆ

ಸೋತ ತಕ್ಷಣ ಓಡಿ ಹೋಗ್ಬೇಡಿ. ಎದುರಾಳಿ ಒಪ್ಪಿದ್ರೆ ಹಾಲ್ ಹೊರಗೆ ಕೂತು ಗೇಮ್ ಮತ್ತೆ ಹಾಕಿ ನೋಡಿ. ಅವತ್ತು ಆ ಹುಡುಗ ಹೇಳಿದ, ನೀವು ಕುದುರೆ ಎ5 ಆಡಿದ್ದಿದ್ರೆ ನನಗೆ ಎಂಟನೇ ಮೂವ್ ತನಕ ಮಾತ್ರ ಗೊತ್ತಿತ್ತು ಸಾರ್ ಅಂತ. ಹೊಟ್ಟೆ ಉರೀತು, ಆದ್ರೆ ಇಂಥ ಮಾಹಿತಿ ಯಾವ ಇಂಜಿನ್ (ಚೆಸ್ ಆಡೋ ಕಂಪ್ಯೂಟರ್ ಪ್ರೋಗ್ರಾಂ) ಕೊಡುತ್ತೆ ಹೇಳಿ.

ಮನೆಗೆ ಬಂದು ಮೊದಲು ಇಂಜಿನ್ ಇಲ್ಲದೆ ನೋಡಿ. ಬೋರ್ಡ್ ಮೇಲೆ ಹಾಕಿ, ಆಡುವಾಗ ತಲೇಲಿ ಏನಿತ್ತೋ ಅದನ್ನ ಹಾಗೇ ಬರೀರಿ, ಮುಜುಗರ ಆಗೋದಿದ್ರೂ. ಆಮೇಲೆ ಸ್ಟಾಕ್‌ಫಿಶ್ ಅನ್ನೋ ಇಂಜಿನ್ ಹಾಕಿ, ಅದೂ ಎಲ್ಲ ಮೂವ್‌ಗೂ ಅಲ್ಲ, ಟೈಮ್ ಜಾಸ್ತಿ ಹೋದ ಎರಡು ಮೂರು ಜಾಗಕ್ಕೆ ಮಾತ್ರ. ಇಂಜಿನ್ ಪ್ಲಸ್ ಒಂದೂವರೆ (ವೈಟ್ ಸುಮಾರು ಒಂದೂವರೆ ಪಾನ್‌ನಷ್ಟು ಮುಂದೆ) ಅಂತ ತೋರಿಸಿದ್ರೆ ಸಾಲಲ್ಲ, ಯಾಕೆ ಅಂತ ನಿಮ್ಮ ಮಾತಲ್ಲಿ ಬರೆಯೋಕೆ ಆಗೋ ತನಕ ಎದುರಾಳಿ ಕಡೆಯಿಂದ ಬೇರೆ ಬೇರೆ ಮೂವ್ ಹಾಕಿ ಕೆಣಕ್ತಾ ಇರಿ. ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನಲ್ಲಿ ಓಪನಿಂಗ್ ಎಕ್ಸ್‌ಪ್ಲೋರರ್ ಫ್ರೀ ಇದೆ, ನಿಮ್ಮ ಲೆವೆಲ್‌ನವರು ಆ ಜಾಗದಲ್ಲಿ ಹೆಚ್ಚಾಗಿ ಏನು ಆಡ್ತಾರೆ ಅಂತ ಅಲ್ಲಿ ನೋಡಿ, ಗ್ರ್ಯಾಂಡ್‌ಮಾಸ್ಟರ್ ಏನು ಆಡ್ತಾರೆ ಅನ್ನೋದಕ್ಕಿಂತ ನಿಮಗೆ ಅದು ಮುಖ್ಯ.

ಕೊನೆಗೆ ನೋಟ್‌ಬುಕ್‌ಗೆ ಒಂದು ಗೇಮ್‌ನಿಂದ ಒಂದೇ ತಿದ್ದುಪಡಿ. ಹತ್ತು ಹೊಸ ಲೈನ್ ಸೇರಿಸಿದ್ರೆ ಒಂದೂ ನೆನಪಿರಲ್ಲ. ನನ್ನ ಅವತ್ತಿನ ತಿದ್ದುಪಡಿ ಇಷ್ಟೇ: ಐದನೇ ಮೂವ್, ಎಡಗಡೆ ಕುದುರೆ, ಎಡಗಡೆ ಅಂತ ಬರೆದು ಎರಡು ಗೆರೆ ಎಳೆದಿದೀನಿ. ಅಂದ್ರೆ ವೈಟ್ ಕಡೆಯಿಂದ ನೋಡಿದ್ರೆ ಎಡಗಡೆ, ಬ್ಲ್ಯಾಕ್ ಆಗಿ ಕೂತ್ರೆ ಬಲಗಡೆ. ಬುಕ್ಕಿನ ಚಿತ್ರ ಸಾಮಾನ್ಯವಾಗಿ ವೈಟ್ ಕಡೆಯಿಂದ ಇರುತ್ತೆ, ನಾನು ಓದಿದ್ದು ಆ ಚಿತ್ರದಲ್ಲಿ, ಕೂತಿದ್ದು ಎದುರುಗಡೆ. ಕೈ ತಪ್ಪಿದ್ದರ ನಿಜವಾದ ಕಾರಣ ಅದೇ ಅಂತ ಹೊಳೆದಿದ್ದು ಆ ಗೆರೆ ಎಳೆಯುವಾಗ. ಬ್ಲ್ಯಾಕ್ ಓಪನಿಂಗ್ ಓದುವಾಗ ಬೋರ್ಡ್ ತಿರುಗಿಸಿ ಓದಿ, ದಯವಿಟ್ಟು.

ಆರು ತಿಂಗಳಾದ ಮೇಲೆ ಇನ್ನೊಂದು ಟೂರ್ನಮೆಂಟ್, ಮೂರನೇ ರೌಂಡ್, ಮತ್ತೆ ಕುದುರೆ ಜಿ5. ಈ ಸಲ ಡಿ5, ಕುದುರೆ ಎ5, ಸಿ6 ಎಲ್ಲ ಸರಿಯಾಗಿ ಬಂತು, ಎಂಟನೇ ಮೂವ್‌ಗೆ ಅವರು ಒಂಟೆಯನ್ನ ಇ2 ಬದಲು ಡಿ3ಗೆ ಇಟ್ರು. ನೋಟ್‌ಬುಕ್‌ನಲ್ಲಿ ಇಲ್ಲ. ಎಚ್6 ಆಡೋಕೆ ಕೈ ತುರಿಸ್ತಿತ್ತು, ಕೈ ತೊಡೆ ಕೆಳಗೇ ಇತ್ತು. ಆ ಒಂಟೆ ಈಗ ಏನು ಕಾಯ್ತಿದೆ? ಇ4. ಅಂದ್ರೆ ನಾನು ಎಚ್6 ಆಡಿದ್ರೆ ಕುದುರೆ ಆರಾಮಾಗಿ ಇ4ಗೆ ಹೋಗಿ ಕೂರುತ್ತೆ, ನನ್ನ ಇ4 ತಳ್ಳೋ ಪ್ಲಾನೂ ಹೋಯ್ತು. ಕಾವಲಿಲ್ಲದೆ ನಿಂತಿರೋದು? ಜಿ5 ಕುದುರೆ. ಹನ್ನೊಂದು ನಿಮಿಷ ಕೂತು 8... ಕುದುರೆ ಡಿ5 ಆಡಿದೆ, ಎಫ್6 ಖಾಲಿ ಆಗಿ ಮಂತ್ರಿ ನೇರ ಜಿ5 ನೋಡ್ತು, ಕುದುರೆಗೆ ಎಫ್4 ಮನೆಯೂ ಸಿಕ್ತು. ಅವರು ಕುದುರೆ ಎಫ್3ಗೆ ವಾಪಸ್ ತಗೊಂಡ್ರು, ನಾನು ಒಂಟೆ ಡಿ6. 41ನೇ ಮೂವ್‌ಗೆ ಡ್ರಾ. ಮನೆಗೆ ಬಂದು ನೋಡಿದ್ರೆ ಈ ಲೈನ್‌ನಲ್ಲಿ ಎಲ್ಲರೂ ಆಡೋ ಮೂವೇ ಅದಂತೆ. ಆ ರಾತ್ರಿ ನೋಟ್‌ಬುಕ್‌ನಲ್ಲಿ ಎಡಗಡೆ ಒಂಟೆ ಡಿ3 ಅಂತ ಬರೆದೆ, ಬಲಗಡೆ ಬರೆಯೋಕೆ ಈ ಸಲ ಯೋಚನೆ ಮಾಡ್ಬೇಕಾಗ್ಲಿಲ್ಲ.